ಕಾಲಂ ಖಾಲಿ ಬಿಡಬಾರದು

ಊರಿನ ಅರ್ಧದಷ್ಟು ಮುದುಕ ಮುದುಕಿಯರಿಗೆ ಆರೈಕೆ ನೆರವು ಕೊಡಿಸಿದವನ ಮನೆಗೇ ಆ ನೆರವು ಬರುತ್ತಿರಲಿಲ್ಲ. ಹೇಳಿಕೊಂಡರೆ ನಗೆಪಾಟಲು, ಹೇಳಿಕೊಳ್ಳದಿದ್ದರೆ ಹೊಟ್ಟೆಯೊಳಗೆ ಕೆಂಡ. ಕಾಲಮಣ್ಣ ಹೇಳಿಕೊಳ್ಳದೆ ಏಳು ವರ್ಷ ಕಳೆದಿದ್ದ.

ಕಾಲಮಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಸುಬು ಇಟ್ಟ ಹೆಸರು. ಹಿರಿಯರ ಆರೈಕೆ ಕಚೇರಿಯ ಗೇಟಿನೆದುರು, ಫುಟ್‌ಪಾತಿನ ಮೇಲೆ, ಬಣ್ಣ ಹೋದ ದೊಡ್ಡ ಕೊಡೆಯ ಕೆಳಗೆ ಮಡಚುವ ಮೇಜು ಹಾಕಿಕೊಂಡು ಜನರ ಅರ್ಜಿ ಬರೆದುಕೊಡುವುದು ಅವನ ಕೆಲಸ. ವಯಸ್ಸಾದ ತಂದೆಯನ್ನೋ ತಾಯಿಯನ್ನೋ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವಿನ ಅರ್ಜಿ. ನಾಲ್ಕು ಪುಟ, ಹತ್ತೊಂಬತ್ತು ಕಾಲಂ. ಎದುರು ಕೂತವರಿಗೆಲ್ಲ ಅವನು ಮೊದಲು ಹೇಳುತ್ತಿದ್ದ ಮಾತು ಒಂದೇ: "ಒಂದು ಕಾಲಮ್ಮೂ ಖಾಲಿ ಬಿಡಬಾರದು. ಖಾಲಿ ಕಂಡ್ರೆ, ವಾಪಸ್ ಕಳಿಸೋಕೆ ಒಳಗಿರೋರಿಗೆ ಒಂದು ನೆಪ ಸಿಕ್ತು ಅಂತಲೇ ತಿಳ್ಕೊಳಿ."

ಆ ಹತ್ತೊಂಬತ್ತರ ಹೊಟ್ಟೆಯೊಳಗೆ ಏನೇನಿದೆ ಎಂದು ಅವನಷ್ಟು ಬಲ್ಲವರು ಕಚೇರಿಯ ಒಳಗೂ ಇರಲಿಲ್ಲ. ಮೂರನೆಯದರಲ್ಲಿ 'ಹುಷಾರಿಲ್ಲ' ಎಂದು ಬರೆದರೆ ಅರ್ಜಿ ಕಸದ ಬುಟ್ಟಿಗೆ, 'ಸ್ವತಃ ಎದ್ದು ಕೂರಲಾರರು' ಎಂದು ಬರೆದರೆ ಸಾಹೇಬರ ಮೇಜಿಗೆ. ಏಳನೆಯದು 'ಈ ಸ್ಥಿತಿ ಎಂದಿನಿಂದ' ಎಂದು ಕೇಳುತ್ತದೆ. ಅಲ್ಲಿ ಯಾರೇ ಬಂದರೂ ಎರಡು ವರ್ಷ ಹಿಂದಿನ ತಾರೀಖು, ಏಕೆಂದರೆ ಅಷ್ಟರವರೆಗೆ ಹಿಂಬಾಕಿ ಕೊಡುವುದು ನಿಯಮ. ಹನ್ನೊಂದರಲ್ಲಿ ನೋಡಿಕೊಳ್ಳುವವರ ಉದ್ಯೋಗಕ್ಕೆ 'ಇಲ್ಲ' ಎನ್ನಬಾರದು, 'ಆರೈಕೆಗಾಗಿ ಕಡಿಮೆ ಮಾಡಿಕೊಂಡಿದ್ದೇನೆ' ಎನ್ನಬೇಕು. ಎಲ್ಲಕ್ಕಿಂತ ಮುಖ್ಯ ಐದನೆಯದು. ಅಲ್ಲಿ 'ಮರೆವು' ಎಂದರೆ ಸಾಲದು, 'ಮನೆಯವರ ಗುರುತು ಹಿಡಿಯಲಾರರು, ತಮ್ಮ ಒಳಿತು ಕೆಡುಕು ತಿಳಿಯಲಾರರು' ಎಂದೇ ಇರಬೇಕು. ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಒಮ್ಮೆ ಅಂಜುತ್ತಾ, "ನಮ್ಮತ್ತೆ ನನ್ನ ಗುರುತು ಹಿಡೀತಾರಲ್ಲಣ್ಣಾ? ದಿನಾ ಬೈತಾರೆ" ಎಂದಿದ್ದಳು.

"ಬೈಯೋದು ಗುರುತಲ್ಲ ತಾಯಿ, ಅಭ್ಯಾಸ" ಎಂದು ಕಾಲಮಣ್ಣ ಬರೆದೇ ಬಿಟ್ಟಿದ್ದ. ಆಕೆಗೆ ನೆರವು ಬಂತು. ಬಂದವರೆಲ್ಲರಿಗೂ ಬಂತು.

ಅವನ ಸ್ವಂತ ಅಪ್ಪನಿಗೆ ಎಂಬತ್ತೊಂದು. ತಕ್ಕಡಿ ರಿಪೇರಿಯವನು. ಅಂಗಡಿಗಳ ತಕ್ಕಡಿಯ ಮುಳ್ಳು ಸರಿಮಾಡಿ, ಬಟ್ಟುಗಳ ತೂಕ ನೋಡಿ, ಸೀಸದ ಮುದ್ರೆ ಒತ್ತಿ ಐವತ್ತು ವರ್ಷ ದುಡಿದಿದ್ದ. ಈಗ ಮಂಡಿ ಎರಡೂ ಹೋಗಿದ್ದವು. ಸ್ನಾನಕ್ಕೆ ಕೂರಿಸಬೇಕು, ಎಬ್ಬಿಸಬೇಕು, ಕಾಲಿನ ಉಗುರು ಕತ್ತರಿಸಬೇಕು, ಮೆಟ್ಟಿಲಿದ್ದಲ್ಲಿ ಕಂಕುಳಿಗೆ ಕೈ ಕೊಡಬೇಕು. ಆದರೆ ತಲೆ ಮಾತ್ರ ಕತ್ತಿಯಂತೆ ಹರಿತ. ಪತ್ರಿಕೆಯ ಕೊನೆಯ ಪುಟದ ಕೊನೆಯ ಸಾಲಿನವರೆಗೆ ಓದಿ ಸಂಪಾದಕರ ತಪ್ಪು ಹಿಡಿಯುತ್ತಿದ್ದ. ಯಾವ ವಸ್ತುವನ್ನು ಅಂಗೈಯಲ್ಲಿಟ್ಟರೂ ತೂಕ ಹೇಳುತ್ತಿದ್ದ, ಗ್ರಾಂ ತಪ್ಪುತ್ತಿರಲಿಲ್ಲ. ಇಂಥ ತಲೆಯಿದ್ದವರಿಗೆ ಐದನೇ ಕಾಲಂ ಕೂಡುವುದಿಲ್ಲ. ಆರೈಕೆ ಕಚೇರಿಯ ಗುಮಾಸ್ತ ಒಂದು ದಿನ ಹೊರಬಂದು ನಕ್ಕಿದ್ದ: "ನಿಮ್ಮಪ್ಪಂಗೆ ನೆರವು ಬೇಕಾ ಕಾಲಮಣ್ಣಾ? ಅವರು ನಮಗೇ ಪಾಠ ಹೇಳ್ತಾರಲ್ಲ ಮಾರಾಯಾ!"

ಕಾಲಮಣ್ಣನೂ ನಕ್ಕ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲ ತಪ್ಪಿದ್ದು ನಗುತ್ತಲೇ ನೆನಪಾಯಿತು. 'ಮಂಡಿ ಹೋದ ಮಾವನನ್ನ ನಮ್ಮ ಹುಡುಗಿ ಎತ್ತಬೇಕಾ' ಎಂದಿದ್ದರು ಹೆಣ್ಣಿನ ಕಡೆಯವರು.

ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಕೆಂಡಕ್ಕೆ ಗಾಳಿ ಹಾಕಿದ್ದು ಒಂದು ಭಾನುವಾರದ ಮಾತು. ಅಕ್ಕ ಬಂದಿದ್ದಳು. ಊರಿನ ಆಚೆ ತುದಿಯಲ್ಲಿ, ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಅವಳ ಮನೆ. ವಾರಕ್ಕೊಂದು ಸಲ ಬರುವಳು, ಹಣ್ಣು ತರುವಳು, ಅಪ್ಪನ ಕೈ ಹಿಡಿದು ಕೂತು ಹೋಗುವಳು. ಅವಳೆದುರೇ ಅಪ್ಪ ಹೇಳಿದ, ತನ್ನ ಕಾಲಾನಂತರ ಮನೆ ಇಬ್ಬರಿಗೂ ಅರ್ಧರ್ಧ. ಎರಡು ತಟ್ಟೆ ಸಮ ಇರಬೇಕು.

"ಏಳು ವರ್ಷ ನಾನು ನೋಡ್ಕೊಂಡಿದ್ದು ಯಾವ ತಟ್ಟೆಗೆ ಬಂತಪ್ಪಾ?" ಎಂದು ಕೇಳಿದ, ತಮಾಷೆಯ ಹಾಗೆ.

ಅಪ್ಪ ನಿಜವಾಗಿಯೂ ನಕ್ಕುಬಿಟ್ಟ. "ಮಗ ಅಪ್ಪನ್ನ ನೋಡ್ಕೊಳ್ಳೋದನ್ನ ಯಾರಾದ್ರೂ ತೂಗ್ತಾರೇನೋ?"

ಅಂದು ರಾತ್ರಿ ಅವನು ಪಾತ್ರೆ ತೊಳೆಯಲು ನಿಂತ. ತೂಗುವವನೇ ತೂಗುವುದಿಲ್ಲ ಎಂದ ಮೇಲೆ ಇನ್ನು ನ್ಯಾಯ ಎಲ್ಲಿಂದ ಬರಬೇಕು? ಬೇಕಾದ್ದು ತಾನೇ ತೆಗೆದುಕೊಳ್ಳಬೇಕು ಎಂದು ಆ ಸಿಂಕಿನ ಮುಂದೆಯೇ ತೀರ್ಮಾನವಾಯಿತು.

ದಾರಿ ತೋರಿಸಿದವನು ಒಬ್ಬ ಬಸ್ ಕಂಡಕ್ಟರ್. ಅವನ ತಂದೆಗೆ ಕಾಲಮಣ್ಣನೇ ನೆರವು ಕೊಡಿಸಿದ್ದ. ಮುಖ ಹುಳಿ ಮಾಡಿಕೊಂಡು ಬಂದು ಹೇಳಿದ: "ನೆರವು ಬಂತು ಕಾಲಮಣ್ಣ, ಆದ್ರೆ ಜೊತೆಗೆ ಬುದ್ಧಿ ಸ್ಥಿಮಿತ ಇಲ್ಲ ಅನ್ನೋ ಆ ಸರ್ಟಿಫಿಕೇಟ್ ಬಂದಾಗಿಂದ ನಮ್ಮಪ್ಪನ ಮಾತಿಗೆ ಎಲ್ಲೂ ಬೆಲೆ ಇಲ್ಲ. ಬ್ಯಾಂಕಲ್ಲಿ ಸಹಿ ನಡೆಯಲ್ಲ, ಪೊಲೀಸರು ದೂರು ತಗೊಳಲ್ಲ. ಬದುಕಿದ್ದೂ ಇಲ್ಲದಂಗೆ!" ಕಾಲಮಣ್ಣ ಅವನಿಗೆ ಟೀ ತರಿಸಿಕೊಟ್ಟ. ಅಷ್ಟು ಪ್ರೀತಿಯಿಂದ ಅವನು ಯಾರಿಗೂ ಟೀ ಕುಡಿಸಿದವನಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥ ಉಪಾಯ. ಅಪ್ಪನಿಂದ ಮನೆಯ ದಾನಪತ್ರಕ್ಕೆ ಸಹಿ ಹಾಕಿಸುವುದು. ಆಮೇಲೆ ಅಪ್ಪನಿಗೆ ಬುದ್ಧಿ ಇಲ್ಲವೆಂದು ನೆರವು ಮಂಜೂರು ಮಾಡಿಸುವುದು. ಒಂದಲ್ಲ ಒಂದು ದಿನ ದಾನಪತ್ರದ ಸುದ್ದಿ ಹೊರಬಿದ್ದು 'ನಾನು ಕೊಟ್ಟಿಲ್ಲ' ಎಂದು ಅಪ್ಪ ಕೂಗಿಕೊಂಡರೆ, ಕೂಗಲಿ. ಬುದ್ಧಿಯಿಲ್ಲದವನ ಕೂಗನ್ನು ಯಾವ ಕಚೇರಿ ಕೇಳುತ್ತದೆ? ನೆರವಿಗೆ ನೆರವು, ಮನೆಗೆ ಮನೆ. ಬಾಯಿಗೆ ಬೀಗ ಹಾಕುವುದೂ ಸರ್ಕಾರದ ಖರ್ಚಿನಲ್ಲೇ.

ಇದರಲ್ಲಿ ಜೀವಾಳವೆಂದರೆ ಅನುಕ್ರಮ. ಮೊದಲು ಸಹಿ, ಆಮೇಲೆ ಮರೆವು. ದಡ್ಡನಾದವನು ಆತುರಕ್ಕೆ ಬಿದ್ದು ಹಿಂದುಮುಂದು ಮಾಡುತ್ತಾನೆ, ಬುದ್ಧಿ ಹೋದವನ ಕೈಲಿ ಸಹಿ ಹಾಕಿಸಿ ಸಿಕ್ಕಿಬೀಳುತ್ತಾನೆ. ಕಾಲಮಣ್ಣ ಸಹಿಗೂ ಅರ್ಜಿಗೂ ನಡುವೆ ನಾಲ್ಕು ತಿಂಗಳ ಅಂತರ ಇಡಬೇಕೆಂದು ಮೊದಲೇ ನಿಶ್ಚಯಿಸಿದ್ದ. ನಾಲ್ಕು ತಿಂಗಳಲ್ಲಿ ಮುದುಕರಿಗೆ ಏನು ಬೇಕಾದರೂ ಆಗಬಹುದು. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ದಾನಪತ್ರ ಬರೆಯಲು ಹನ್ನೆರಡು ದಿನ ತೆಗೆದುಕೊಂಡ. ಒಂದೊಂದು ಪದವನ್ನೂ ಮೂರು ಸಲ ತಿದ್ದಿದ. ನೋಂದಣಿ ಕಚೇರಿಗೆ ಹೋಗುವ ದಿನ ಬೆಳಿಗ್ಗೆ ಅಪ್ಪನಿಗೆ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, "ನಿನ್ನ ಆರೈಕೆ ನೆರವಿನ ಅರ್ಜಿ ಅಪ್ಪಾ, ಸಾಹೇಬರ ಮುಂದೆ ಸಹಿ ಹಾಕಬೇಕಂತೆ" ಎಂದ. ಅಪ್ಪನ ಓದುವ ಕನ್ನಡಕ ಅಂದೇ ಮನೆಯಲ್ಲಿ ಮರೆತುಹೋಯಿತು. ಮರೆಸಿದವನು ಯಾರೆಂದು ಹೇಳಬೇಕಾಗಿಲ್ಲ.

ನೋಂದಣಿ ಅಧಿಕಾರಿ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ತೆಳ್ಳನೆಯ ಮನುಷ್ಯ. ಮೇಜಿನ ಮೇಲೆ ಹಾಳೆ ಹಾರದಂತೆ ಹಿತ್ತಾಳೆಯ ಗುಂಡೊಂದನ್ನು ಇಟ್ಟುಕೊಂಡಿದ್ದರು. ಅಪ್ಪ ಕೂತವನೇ ಅದನ್ನೆತ್ತಿ ಅಂಗೈಯಲ್ಲಿ ಆಡಿಸಿ, "ಕಾಲು ಕೇಜಿಗೆ ಹತ್ತು ಗ್ರಾಂ ಕಮ್ಮಿ ಸ್ವಾಮಿ" ಎಂದ. ಅಧಿಕಾರಿಗೆ ಖುಷಿಯೋ ಖುಷಿ. ಪಕ್ಕದ ಅಂಚೆ ಕೌಂಟರಿಗೆ ಕಳಿಸಿ ತೂಗಿಸಿಯೇ ಬಿಟ್ಟರು. ಇನ್ನೂರ ನಲವತ್ತು.

"ಭೇಷ್! ಎಲ್ಲಾ ಸ್ವಂತ ಇಚ್ಛೆಯಿಂದ ತಾನೇ ಯಜಮಾನ್ರೇ?"

"ನನ್ನ ಮಗ ಬರೆದಿರೋದು ಸ್ವಾಮಿ. ಇನ್ನೇನು ನೋಡೋದಿದೆ?" ಎಂದು ಅಪ್ಪ ಸಹಿ ಹಾಕಿದ. ಅಕ್ಷರ ಮುತ್ತಿನಂತಿತ್ತು. ಕಾಲಮಣ್ಣ ಆ ಹೊತ್ತಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದ, ಕಣ್ಣಿಗೆ ಕಣ್ಣು ಕೊಡಲು ಧೈರ್ಯವಾಗಲಿಲ್ಲ.

ನಾಲ್ಕು ತಿಂಗಳು ಕಳೆದವು. ಅವನು ಹಿಂದೆಂದಿಗಿಂತ ಚೆನ್ನಾಗಿ ಅಪ್ಪನನ್ನು ನೋಡಿಕೊಂಡ. ಆಮೇಲೊಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಕೊಡೆಯ ಕೆಳಗೆ ಕೂತು ನೆರವಿನ ಅರ್ಜಿ ತುಂಬಿದ. ದಾನಪತ್ರಕ್ಕೆ ಹನ್ನೆರಡು ದಿನ ಹಿಡಿದಿದ್ದರೆ ಇದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಸಾವಿರಾರು ಸಲ ನಡೆದ ದಾರಿ, ಎತ್ತು ತಾನೇ ಕೊಟ್ಟಿಗೆಗೆ ಹೋದ ಹಾಗೆ ಪೆನ್ನು ಹತ್ತೊಂಬತ್ತಕ್ಕೆ ಹೋಗಿ ನಿಂತಿತು.

ಇನ್ನು ತಪಾಸಣೆ. ಆರೈಕೆ ಕಚೇರಿಯಿಂದ ಮನೆಗೆ ಬರುವ ಮೇಡಂ ಸೋಮವಾರದಿಂದ ಶನಿವಾರದೊಳಗೆ ಯಾವಾಗ ಬೇಕಾದರೂ ಬರಬಹುದು, ಹೇಳಿ ಬರುವುದಿಲ್ಲ. ಆದ್ದರಿಂದ ಅಪ್ಪನ ತಲೆ ಮಂಕಾಗಿಸುವ ಗುಳಿಗೆ ದಿನಾ ಕೊಡಬೇಕು. ಅಮ್ಮನ ಕೊನೆಗಾಲದಲ್ಲಿ ನಿದ್ದೆಗೆಂದು ಬರೆಸಿದ್ದ ಹಳದಿ ಗುಳಿಗೆಯ ಚೀಟಿ ಅವನಲ್ಲಿತ್ತು, ಔಷಧಿ ಅಂಗಡಿಯವನು ತಾರೀಖು ನೋಡುವವನಲ್ಲ. ಚಮಚೆಯ ಬೆನ್ನಿನಲ್ಲಿ ಪುಡಿ ಮಾಡಿ ಬೆಳಗಿನ ಹಾಲಿಗೆ ಹಾಕಿದ. ಮೂರನೇ ದಿನ ಅಪ್ಪ ಪತ್ರಿಕೆಯನ್ನು ತಲೆಕೆಳಗೆ ಹಿಡಿದು ಕೂತಿದ್ದ.

"ಯಾಕೋ ಮಗಾ, ತಲೆಯೊಳಗೆ ಹತ್ತಿ ತುರುಕಿದಂಗಿದೆ."

"ವಯಸ್ಸಾಯ್ತಲ್ಲಪ್ಪಾ" ಎಂದ ಮಗ.

ಗುರುವಾರ ಮೇಡಂ ಬಂದರು. "ತಾತಾ, ಇವರು ಯಾರು?" ಎಂದು ಮಗನನ್ನು ತೋರಿಸಿದರು. ಅಪ್ಪ ಬಹಳ ಹೊತ್ತು ನೋಡಿದ. ರೆಪ್ಪೆ ಎತ್ತಲಾಗದೆ ಎತ್ತಿ, "ಅಣ್ಣಾ, ಬಂದ್ಯಾ?" ಎಂದ. ಅವನ ಅಣ್ಣ ಸತ್ತು ನಲವತ್ತು ವರ್ಷವಾಗಿತ್ತು. ಮೇಡಂ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಹೋಗುವಾಗ ಕಾಲಮಣ್ಣನ ಭುಜ ತಟ್ಟಿ, "ನಿಮ್ಮಂಥ ಮಕ್ಕಳು ಅಪರೂಪ" ಎಂದರು. ಅವನಿಗೆ ನಿಜವಾಗಿಯೂ ಕಣ್ಣೀರು ಬಂತು.

ನೆರವು ಮಂಜೂರಾಯಿತು, ಹಿಂಬಾಕಿಯೂ ಬಂತು. ಮೊದಲು ಅಪ್ಪನಿಗೇ ಕಟಕಟೆ ಇರುವ ಒಳ್ಳೆಯ ಮಂಚ ತಂದ, ಗಾಲಿಕುರ್ಚಿ ತಂದ. ಕದ್ದ ದುಡ್ಡಿನಲ್ಲೂ ತಾನು ಮೊದಲು ಅಪ್ಪನನ್ನೇ ನೆನೆದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಗೌರವ ಬಂದಿತ್ತು. ಗುಳಿಗೆ ನಿಲ್ಲಿಸಬೇಕೆಂದೇ ಇದ್ದ. ಆದರೆ ಮಂಜೂರಾತಿ ಪತ್ರದ ಕೊನೆಯಲ್ಲಿ, ಮುನ್ಸೂಚನೆ ಇಲ್ಲದೆ ಆಗಾಗ ಮರುತಪಾಸಣೆ ನಡೆಯುವುದು ಎಂದಿತ್ತು. ಇವತ್ತು ಬಂದರೆ? ನಾಳೆ ಬಂದರೆ? ಒಂದು ಬೆಳಿಗ್ಗೆ ಮನಸ್ಸು ತಡೆಯದೆ ಹಾಲನ್ನು ಸಿಂಕಿಗೆ ಸುರಿದು, ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತ. ಮರುದಿನ ಮತ್ತೆ ಚಮಚೆ ಕೈಗೆತ್ತಿಕೊಂಡ.

ಗುಟ್ಟು ರಟ್ಟಾದದ್ದು ಮನೆ ಕಂದಾಯದ ಚೀಟಿಯಿಂದ. ಹೊಸ ವರ್ಷದ ಚೀಟಿ ಹೊಸ ಮಾಲೀಕನ ಹೆಸರಿಗೆ ಬಂದಿತ್ತು, ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋಗಿದ್ದರು. ಅದು ಸಿಕ್ಕಿದ್ದು ಭಾನುವಾರ ಬೆಳ್ಳಂಬೆಳಗ್ಗೆ ಬಂದ ಅಕ್ಕನ ಕೈಗೆ. ಅಪ್ಪನಿಗೆ ಇನ್ನೂ ಹಾಲು ಕೊಟ್ಟಿರಲಿಲ್ಲ. ಅಷ್ಟರಮಟ್ಟಿಗೆ ಆ ಹೊತ್ತಿನಲ್ಲಿ ಅವನ ತಲೆ ತಿಳಿಯಾಗಿತ್ತು. ಅಕ್ಕ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿದಳು.

"ನಾನು ಮನೆ ಬರ್ಕೊಟ್ಟಿಲ್ಲಮ್ಮಾ" ಎಂದ ಅಪ್ಪ. "ನೆರವಿನ ಅರ್ಜಿ ಅಂದ. ಸಹಿ ಹಾಕ್ದೆ." ಆಮೇಲೆ ಮಗನ ಕಡೆ ತಿರುಗಿದ. ಕೋಪ ಇರಲಿಲ್ಲ, ಐವತ್ತು ವರ್ಷ ಮೋಸದ ಅಂಗಡಿಗಳನ್ನು ಹಿಡಿದವನ ದಣಿವು ಇತ್ತು. "ತಟ್ಟೆ ಕೆಳಗೆ ಅಯಸ್ಕಾಂತ ಅಂಟಿಸ್ಬಿಟ್ಯಲ್ಲೋ."

ಅಕ್ಕ ಆ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. "ಥೂ, ನಿನ್ನ ಜನ್ಮಕ್ಕಿಷ್ಟು! ಕೇಳಿದ್ರೆ ನನ್ನ ಪಾಲು ನಾನೇ ಬಿಟ್ಕೊಡ್ತಿದ್ನಲ್ಲೋ, ನಿನ್ನ ಸೇವೆ ನಂಗೆ ಗೊತ್ತಿರ್ಲಿಲ್ವಾ?" ಎಂದು ಅತ್ತಳು. ಅವನು ನಂಬಲಿಲ್ಲ. ನಂಬಿದರೆ ಆ ಚಮಚೆಯ ಮುಖ ನೋಡುವುದು ಹೇಗೆ? ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಮೂರು ಮಹಡಿ ಹತ್ತಿಸುವವರು ಯಾರು ಎಂದ. ನೋಂದಣಿ ಅಧಿಕಾರಿಗೆ ದೂರು ಕೊಟ್ಟೇ ಕೊಡುತ್ತೇನೆ ಎಂದು ಹೋದಳು. ಕೊಡಲಿ ಎಂದುಕೊಂಡ. ಇದಕ್ಕಾಗಿಯೇ ಅಲ್ಲವೇ ಬೀಗ ಮಾಡಿಸಿಟ್ಟಿರುವುದು? ಆದರೂ ಅಂದಿನಿಂದ ಹಾಲಿಗೆ ಒಂದರ ಬದಲು ಎರಡು ಗುಳಿಗೆ ಬಿದ್ದವು. ವಿಚಾರಣೆಯ ದಿನ ಅಪ್ಪನ ನಾಲಿಗೆ ಅಪ್ಪಿತಪ್ಪಿಯೂ ನೆಟ್ಟಗಾಗಬಾರದು.

ವಿಚಾರಣೆಗೆ ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಪ್ಪನಿಗೆ ಗುಳಿಗೆ ಬೇಕಾಗಿಯೇ ಇರಲಿಲ್ಲ. ಒಂದು ಸಂಜೆ ಮಂಚದ ಕಟಕಟೆ ದಾಟಲು ಹೋಗಿ ಬಿದ್ದಿದ್ದ, ಹಣೆಗೆ ಪೆಟ್ಟಾಗಿತ್ತು. ಎದ್ದ ಮೇಲೆ ಕಣ್ಣು ತೆರೆದೇ ಇದ್ದವು, ಒಳಗೆ ಯಾರೂ ಇರಲಿಲ್ಲ. ಕಾಲಮಣ್ಣ ಹೆದರಿ ನಾಲ್ಕು ದಿನ ಗುಳಿಗೆ ನಿಲ್ಲಿಸಿ ನೋಡಿದ. ಹಾಲಿಗೆ ಬೆರೆಸಿದ್ದನ್ನು ನಿಲ್ಲಿಸಬಹುದು, ಹೋದದ್ದನ್ನು ಕರೆತರುವುದು ಆಗಲಿಲ್ಲ.

ಅದೇ ಕೋಣೆ, ಅದೇ ದಾರ ಕಟ್ಟಿದ ಕನ್ನಡಕ. ಅಕ್ಕ ಗಾಲಿಕುರ್ಚಿ ತಳ್ಳಿಕೊಂಡು ಬಂದಳು, ಫೋನಿನಲ್ಲಿದ್ದ ಅಪ್ಪನ ಮಾತು ಕೇಳಿಸಿದಳು. ಅಧಿಕಾರಿಯ ಮುಖ ಗಂಭೀರವಾಯಿತು. "ಇದಕ್ಕೆ ನೀವೇನಂತೀರಿ?"

ಕಾಲಮಣ್ಣ ಅವಸರ ಮಾಡಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಆರೈಕೆ ಕಚೇರಿಯ ಪ್ರಮಾಣಪತ್ರ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟ. "ಸಾರ್, ನಮ್ಮಪ್ಪಂಗೆ ಬುದ್ಧಿ ಸ್ಥಿಮಿತ ಇಲ್ಲ. ನಾನು ಹೇಳ್ತಿಲ್ಲ, ಸರ್ಕಾರ ಹೇಳ್ತಿದೆ. ಇವರ ಮಾತು ಕಾನೂನಲ್ಲಿ ನಡೆಯಲ್ಲ. ಅಕ್ಕ ಪಾಪ, ತಿಳೀದೆ ತಂದಿದ್ದಾಳೆ."

ಅಧಿಕಾರಿ ಅದನ್ನು ಕೂಡಲೇ ಓದಲಿಲ್ಲ. ಹಿತ್ತಾಳೆಯ ಗುಂಡನ್ನೆತ್ತಿ ಮುದುಕನ ಅಂಗೈಯಲ್ಲಿಟ್ಟು, "ಎಷ್ಟು ತೂಕ ಯಜಮಾನ್ರೇ? ನೆನಪಿದೆಯಾ?" ಎಂದರು. ಅಪ್ಪ ಅದನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಮೂಸಿ ನೋಡಿದ. ಇದನ್ನು ತಿನ್ನಬಹುದೇ ಎನ್ನುವಂತೆ ಮಗನ ಮುಖ ನೋಡಿದ. ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು. ಕಾಲಮಣ್ಣ ಅತ್ತ ನೋಡಲಾರದೆ ಪ್ರಮಾಣಪತ್ರದ ಅಂಚು ಸರಿಮಾಡಿದ. ಅದರ ಹಿಂದೆಯೇ, ಗೆದ್ದೆ ಎಂಬ ನಿರಾಳ ಬಂತು.

"ಒಪ್ಪಿದೆ" ಎಂದರು ಅಧಿಕಾರಿ, "ಇವರ ಮಾತು ನಡೆಯಲ್ಲ." ಕನ್ನಡಕ ಏರಿಸಿಕೊಂಡು ಪ್ರಮಾಣಪತ್ರವನ್ನು ದಾನಪತ್ರದ ಪಕ್ಕಕ್ಕಿಟ್ಟು ಓದಿದರು, ಅದಕ್ಕೆ ಲಗತ್ತಿಸಿದ್ದ ಅರ್ಜಿಯನ್ನೂ ಓದಿದರು. ಬೆರಳು ಏಳನೇ ಕಾಲಮ್ಮಿನ ಮೇಲೆ ಬಂದು ನಿಂತಿತು. ಈ ಸ್ಥಿತಿ ಎಂದಿನಿಂದ? ಅಲ್ಲಿ ಕಾಲಮಣ್ಣನದೇ ದುಂಡಗಿನ ಅಕ್ಷರದಲ್ಲಿ, ಅರ್ಜಿ ಕೊಟ್ಟ ದಿನಕ್ಕೆ ಸರಿಯಾಗಿ ಎರಡು ವರ್ಷ ಹಿಂದಿನ ತಾರೀಖಿತ್ತು. ಊರಿನವರಿಗೆಲ್ಲ ಬರೆಯುತ್ತಿದ್ದ ತಾರೀಖು, ಕೈ ತಾನೇ ಬರೆದದ್ದು, ಬರೆದೆನೆಂಬುದೂ ಅವನಿಗೆ ನೆನಪಿರಲಿಲ್ಲ. ದಾನಪತ್ರಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. "ಈ ತಾರೀಖು ನಿಜ ಆದ್ರೆ, ಬುದ್ಧಿ ಇಲ್ಲದೋರ ಹತ್ರ ಮನೆ ಬರೆಸ್ಕೊಂಡಿದ್ದೀರಿ, ಪತ್ರ ರದ್ದು. ಸುಳ್ಳಾದ್ರೆ ಸರ್ಕಾರಕ್ಕೆ ಮೋಸ ಮಾಡಿದ್ದೀರಿ, ಜೈಲು. ಯಾವುದು ಅಂತ ನೀವೇ ಹೇಳ್ಬೇಕು" ಎಂದು ಅಧಿಕಾರಿ ಹೇಳಿಕೆಯ ಹಾಳೆಯನ್ನೂ ಪೆನ್ನನ್ನೂ ಅವನತ್ತ ಸರಿಸಿದರು. ಕಾಲಮಣ್ಣ ಅಪ್ಪನ ಕಡೆ ತಿರುಗಿದ. ಅಂದು ನನ್ನ ಬುದ್ಧಿ ನೆಟ್ಟಗಿತ್ತು, ಮನೆಯನ್ನು ನಾನೇ ಮಗನಿಗೆ ಕೊಟ್ಟೆ, ಈ ತಾರೀಖು ಕೈತಪ್ಪು ಎಂದು ಹೇಳಿ ಅವನನ್ನು ಉಳಿಸಬಲ್ಲವನು ಲೋಕದಲ್ಲಿ ಒಬ್ಬನೇ ಇದ್ದ. ಕೇಳಿದ್ದರೆ ಹೇಳಿಯೂ ಬಿಡುತ್ತಿದ್ದನೇನೋ, ಅಪ್ಪ ಅಲ್ಲವೇ. ಅವನು ಹಿತ್ತಾಳೆಯ ಗುಂಡನ್ನು ಬಾಯಿಗೆ ಒಯ್ಯುತ್ತಿದ್ದ, ಅಕ್ಕ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದಳು. "ಬರೀರಿ" ಎಂದರು ಅಧಿಕಾರಿ, "ಕಾಲಂ ಖಾಲಿ ಬಿಡೋ ಹಾಗಿಲ್ಲ."